ಕವರ್ ಹಾಡು ರೆಕಾರ್ಡ್ ಮಾಡುವ ಮುನ್ನ: ಯಾವ ಹಾದಿಗೆ ಏನು ಬೇಕು?

ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳ ಮೇಲೆ ಇಂದು ಯಾರ ಕಾಪಿರೈಟೂ ಇಲ್ಲ. ಹಾಗಿದ್ದೂ ಶರೀಫರ ಪದದ ಕವರ್, ಅಂದರೆ ಈಗಾಗಲೇ ಇರುವ ಹಾಡನ್ನು ಮತ್ತೆ ಹಾಡಿದ್ದನ್ನು, ಯೂಟ್ಯೂಬಿಗೆ ಹಾಕಿದವರಿಗೆ ಕ್ಲೇಮ್ (ಇದರ ಹಕ್ಕು ನಮ್ಮದೆಂಬ ದಾವೆ) ಬರಬಹುದು. ಪದ ಶರೀಫರದೇ ಇರಬಹುದು, ಹಾಡಿದ ಧಾಟಿ ಸಿ. ಅಶ್ವತ್ಥ್ ಅವರದಾಗಿದ್ದರೆ ಲೆಕ್ಕವೇ ಬೇರೆ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಅವರು ಕೂಡಿಸಿದ ಧಾಟಿಗೆ 2069ರ ಕೊನೆಯವರೆಗೆ ಕಾನೂನಿನ ರಕ್ಷಣೆ ಇದೆ. ಹಳೆಯ ಕ್ಯಾಸೆಟ್ಟಿನಿಂದ ದನಿ ಕಳೆದು ಉಳಿದ ವಾದ್ಯಗಳನ್ನೇ ಟ್ರ್ಯಾಕ್ ಮಾಡಿಕೊಂಡಿದ್ದರೆ, ಆ ಕ್ಯಾಸೆಟ್ ತಂದ ಆಡಿಯೊ ಕಂಪನಿಯೂ ಹಕ್ಕು ಕೇಳಿಕೊಂಡು ಬರುತ್ತದೆ.

ಕೇಳುವವರಿಗೆ ಹಾಡು ಒಂದೇ. 1957ರ ಕಾಪಿರೈಟ್ ಕಾಯ್ದೆಗೆ ಅದು ಮೂರು ಬೇರೆ ಬೇರೆ ಕೃತಿ: ಸಾಹಿತ್ಯ, ಸಂಗೀತ, ಧ್ವನಿಮುದ್ರಣ. ಸಂಗೀತದ ವ್ಯಾಖ್ಯೆಯಲ್ಲೇ ಹಾಡುವ ಪದಗಳು ಅದರಲ್ಲಿ ಸೇರುವುದಿಲ್ಲ ಎಂದು ಕಾಯ್ದೆ ಹೇಳಿದೆ. ಹಾಗಾಗಿ ಒಂದು ಪದರಕ್ಕೆ ಸಿಕ್ಕ ಅನುಮತಿ ಇನ್ನೊಂದಕ್ಕೆ ನಡೆಯುವುದಿಲ್ಲ. ಮೂರಕ್ಕೂ ಮಾಲೀಕರು ಬೇರೆ ಇರಬಹುದು, ಮೂರರ ಅವಧಿಯೂ ಬೇರೆ. ಸಾಹಿತ್ಯ ಮತ್ತು ಸಂಗೀತಕ್ಕೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಧ್ವನಿಮುದ್ರಣಕ್ಕೆ ಅದು ಹೊರಬಂದ ವರ್ಷದ ಮರುವರ್ಷದಿಂದ ಎಣಿಸಿ 60 ವರ್ಷ.

ಒಂದು ಕೆಲಸ ಸಲೀಸಾಗಿದೆ. ಇಡೀ ಹಾಡನ್ನು ನೀವೇ ಹೊಸದಾಗಿ, ನಿಮ್ಮದೇ ವಾದ್ಯಗಾರರಿಂದ ರೆಕಾರ್ಡ್ ಮಾಡಿದರೆ ಮೂರನೆಯ ಪದರದ ಚಿಂತೆ ಇಲ್ಲ. ಮೂಲ ರೆಕಾರ್ಡಿಂಗಿನ ಹಾಗೆಯೇ ಕೇಳಿಸಿದರೂ ಆ ರೆಕಾರ್ಡಿಂಗಿನ ಹಕ್ಕು ಮುರಿದಂತಾಗದು. ಅದರ ಶಬ್ದವನ್ನು ಎತ್ತಿ ಬಳಸಿದರೆ ಮಾತ್ರ ತಪ್ಪು. ಕರೋಕೆ ಟ್ರ್ಯಾಕ್ ಬಳಸಿದ ಕ್ಷಣ ಈ ಅನುಕೂಲ ಹೋಗುತ್ತದೆ, ಯಾಕೆಂದರೆ ಟ್ರ್ಯಾಕ್ ಕೂಡ ಒಂದು ಧ್ವನಿಮುದ್ರಣ. ಹಣ ಕೊಟ್ಟು ಕೊಂಡ ಟ್ರ್ಯಾಕ್ ಆದರೂ ರಸೀದಿಯ ಷರತ್ತು ಓದಿ. ವೇದಿಕೆಯಲ್ಲಿ ಹಾಡಲು ಕೊಟ್ಟದ್ದನ್ನು ರೆಕಾರ್ಡ್ ಮಾಡಿ ಅಪ್‌ಲೋಡ್ ಮಾಡಲು ಕೊಟ್ಟಿರುವುದಿಲ್ಲ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ನಿಮ್ಮ ರೆಕಾರ್ಡಿಂಗ್ ಹತ್ತಾರು ವರ್ಷ ನಿಮ್ಮದಾಗಿಯೇ ಉಳಿಯಬೇಕು, ಅದರಿಂದ ಹಣವೂ ಬರಬೇಕು ಎಂದಿದ್ದರೆ ಅವಧಿ ಮುಗಿದ ಸಾಹಿತ್ಯಕ್ಕೆ ನಿಮ್ಮದೇ ಧಾಟಿ ಕೂಡಿಸುವುದಕ್ಕಿಂತ ಒಳ್ಳೆಯ ಹಾದಿ ಇಲ್ಲ. ಭಾವಗೀತೆಯೇ ಬೇಕು ಎನ್ನುವವರು ಕವಿಯ ಕುಟುಂಬದಿಂದ ಕಾಗದ ಪಡೆಯಲಿ. ಹೆಚ್ಚಿನ ಸಲ ಇದು ಅಂದುಕೊಂಡಷ್ಟು ಕಷ್ಟವಲ್ಲ. ಸಿನಿಮಾ ಹಾಡನ್ನು ಅಭ್ಯಾಸಕ್ಕೆ, ಹೆಸರಿಗೆ ಹಾಡುವುದಾದರೆ ಯೂಟ್ಯೂಬಿನ ವ್ಯವಸ್ಥೆ ಸಾಕಾಗುತ್ತದೆ. ಅದರ ಮೇಲೆ ಆಲ್ಬಂ ಕಟ್ಟುವ ಯೋಚನೆ ಇದ್ದರೆ ಆಡಿಯೊ ಕಂಪನಿಯ ಲೈಸೆನ್ಸ್ ಇಲ್ಲದೆ ಸ್ಟುಡಿಯೊಗೆ ಮುಂಗಡ ಕೊಡಬೇಡಿ. ಮಾಲೀಕರು ಒಪ್ಪದಿದ್ದರೂ ಕವರ್ ಮಾಡಲು ಬಿಡುವ, ಕಾಯ್ದೆಯ 31ಸಿ ಕಲಮಿನ ಶಾಸನಬದ್ಧ ಲೈಸೆನ್ಸ್ ಹೆಸರಿನಲ್ಲಿ ಬಹಳ ಆಕರ್ಷಕವಾಗಿದೆ, ಇಂದಿನ ಗಾಯಕರಿಗೆ ಅದರಿಂದ ಉಪಯೋಗ ಕಡಿಮೆ. ಕ್ರಿಯೇಟಿವ್ ಕಾಮನ್ಸ್ ಹಾಡುಗಳು (ಹಕ್ಕುದಾರರೇ ಕೆಲವು ಷರತ್ತಿನ ಮೇಲೆ ಎಲ್ಲರಿಗೂ ಮೊದಲೇ ಅನುಮತಿ ಕೊಟ್ಟಂಥವು) ಕನ್ನಡದಲ್ಲಿ ಸಾಲದಷ್ಟಿವೆ, ಆದರೆ ನೀವೇ ಅಂಥದ್ದನ್ನು ಹೊರತರಬಹುದು.

ಅವಧಿ ಮುಗಿದ ಕೃತಿಗಳು

ಲೆಕ್ಕ ಹೀಗೆ: ಕರ್ತೃ ತೀರಿಕೊಂಡ ಇಸವಿಗೆ 61 ಕೂಡಿಸಿ. ಬಂದ ವರ್ಷದ ಜನವರಿ 1ರಿಂದ ಆ ಕೃತಿ ಎಲ್ಲರದು. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅವರ ಕವಿತೆಗಳು 2024ರ ಜನವರಿ 1ರಿಂದ ಮುಕ್ತ. ಬಿ.ಎಂ.ಶ್ರೀ (1946), ಪಂಜೆ ಮಂಗೇಶರಾಯರು (1937) ಅದಕ್ಕೂ ಮುಂಚೆಯೇ ಮುಕ್ತರಾದವರು. ಹುಯಿಲಗೋಳ ನಾರಾಯಣರಾಯರದಕ್ಕೆ (1971) 2032ರವರೆಗೆ ಕಾಯಬೇಕು, ಡಿ.ವಿ.ಜಿ.ಯವರದಕ್ಕೆ (1975) 2036, ಜಿ.ಪಿ. ರಾಜರತ್ನಂ ಅವರದಕ್ಕೆ (1979) 2040, ಬೇಂದ್ರೆಯವರದಕ್ಕೆ (1981) 2042, ಕುವೆಂಪು ಅವರದಕ್ಕೆ (1994) 2055, ಕೆ.ಎಸ್. ನರಸಿಂಹಸ್ವಾಮಿಯವರದಕ್ಕೆ (2003) 2064, ನಿಸಾರ್ ಅಹಮದ್ ಅವರದಕ್ಕೆ (2020) 2081. ಕವಿ ಹೋದ ಮೇಲೆ ಮೊದಲ ಸಲ ಅಚ್ಚಾದ ಕವಿತೆಗೆ ಈ ಸೂತ್ರ ನಡೆಯದು. ಅಲ್ಲಿ ಅಚ್ಚಾದ ವರ್ಷದ ಮರುವರ್ಷದಿಂದ 60 ಎಣಿಸಬೇಕು.

ಇಬ್ಬರು ಕೂಡಿ ಮಾಡಿದ ಸಂಗೀತವಾದರೆ ಕೊನೆಗೆ ತೀರಿಕೊಂಡವರ ಇಸವಿ ಹಿಡಿಯಬೇಕು. ರಾಜನ್–ನಾಗೇಂದ್ರ ಜೋಡಿಯಲ್ಲಿ ನಾಗೇಂದ್ರ 2000ದಲ್ಲಿ, ರಾಜನ್ 2020ರಲ್ಲಿ ತೀರಿಕೊಂಡರು. ಅವರಿಬ್ಬರ ಸಂಗೀತಕ್ಕೆ 2080ರ ಕೊನೆಯವರೆಗೆ ರಕ್ಷಣೆ. ಎಪ್ಪತ್ತರ ದಶಕದ ಹಾಡು, ಹಳೆಯದಾಯಿತಲ್ಲ ಎಂದುಕೊಳ್ಳುವವರು ಬಹಳ. ಹಾಡು ಹಳೆಯದಾದರೆ ಸಾಲದು, ಕಾಯ್ದೆ ನೋಡುವುದು ಮಾಡಿದವರು ಹೋದ ವರ್ಷವನ್ನು.

ಕರ್ನಾಟಕ ಸಂಗೀತದಲ್ಲಿ ಇದೇ ಎಚ್ಚರ ಇನ್ನಷ್ಟು ಬೇಕು. ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳ ಬಗ್ಗೆ ಪ್ರಶ್ನೆಯೇ ಇಲ್ಲ. ಮುತ್ತಯ್ಯ ಭಾಗವತರು (1945) ಮುಕ್ತ. ಮೈಸೂರು ವಾಸುದೇವಾಚಾರ್ಯರು (1961) 2022ರಲ್ಲಿ ಮುಕ್ತರಾದರು. ಸಾಹಿತ್ಯ, ಸಂಗೀತ ಎರಡೂ ಅವರದೇ ಆದ್ದರಿಂದ ಎರಡು ಪದರವೂ ಒಟ್ಟಿಗೆ ತೆರೆದವು. ಜಯಚಾಮರಾಜ ಒಡೆಯರ ಕೃತಿಗಳನ್ನು ಮಾತ್ರ ಅದೇ ಸಾಲಿಗೆ ಸೇರಿಸಬೇಡಿ. ಅವರು ತೀರಿಕೊಂಡದ್ದು 1974ರಲ್ಲಿ. 2035ರ ಜನವರಿಯವರೆಗೆ ಅನುಮತಿ ಬೇಕು. ಕಛೇರಿಯಲ್ಲಿ ಎಲ್ಲರೂ ಹಾಡುತ್ತಾರೆಂಬ ಮಾತ್ರಕ್ಕೆ ರೆಕಾರ್ಡ್ ಮಾಡಿ ಮಾರಲು ಬರುವುದಿಲ್ಲ.

ವಚನ ಮತ್ತು ದಾಸರ ಪದಗಳಲ್ಲಿ ಹೆಚ್ಚಿನವರು ಎಡವುವುದು ಧಾಟಿಯಲ್ಲಿ. ಪುರಂದರದಾಸರ ದೇವರನಾಮವನ್ನು ಇಂದು ನಾವು ಕೇಳುವ ಎಷ್ಟೋ ಮಟ್ಟುಗಳು ಇಪ್ಪತ್ತನೆಯ ಶತಮಾನದ ಗಾಯಕರು, ಸಂಯೋಜಕರು ಕೂಡಿಸಿದವು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ‘ಸಾಂಪ್ರದಾಯಿಕ’ ಎಂದಿದೆಯೋ, ‘ಸಂಗೀತ’ ಎಂದು ಒಬ್ಬರ ಹೆಸರಿದೆಯೋ ನೋಡಿ. ಹೆಸರಿದ್ದರೆ ಆ ಧಾಟಿ ಬಿಡಿ, ಇಲ್ಲವೇ ಅವರನ್ನು ಕೇಳಿ. ಹೊದಿಕೆ ಸಿಗದಿದ್ದರೆ ಮೂರು ಬೇರೆ ಬೇರೆ ಪಾಠಾಂತರಗಳನ್ನು ಹುಡುಕಿ ಹೋಲಿಸಿ. ಮೂರರಲ್ಲೂ ಒಂದೇ ಮಟ್ಟು ಇದ್ದು, ಅವುಗಳ ಗುರುಪರಂಪರೆ ಬೇರೆ ಬೇರೆಯಾಗಿದ್ದರೆ ಅದು ಸಂಪ್ರದಾಯದಿಂದ ಬಂದದ್ದೆಂದು ನಂಬಲು ಆಧಾರವಿದೆ. ಜನಪದ ಹಾಡಿಗೂ ಇದೇ ಪರೀಕ್ಷೆ: ಹಳ್ಳಿಯಲ್ಲಿ ಹಾಡುವ ಮಟ್ಟು ಎಲ್ಲರದು, ಸಿನಿಮಾಕ್ಕಾಗಿ ಅದಕ್ಕೆ ಸೇರಿಸಿದ ಪಲ್ಲವಿ, ನಡುವಿನ ವಾದ್ಯಭಾಗ ಎಲ್ಲರದಲ್ಲ.

ಸ್ವಂತ ಧಾಟಿ ಕೂಡಿಸಿದಾಗ ಅದರ ಸಾಕ್ಷಿ ಉಳಿಸಿಕೊಳ್ಳಿ. ಮೊದಲು ಗುನುಗಿ ಫೋನಿನಲ್ಲಿ ಹಿಡಿದ ಕರಡು, ಸ್ವರಪ್ರಸ್ತಾರ, ಪ್ರತಿ ವಾದ್ಯದ ಬಿಡಿ ಟ್ರ್ಯಾಕು, ಸ್ಟುಡಿಯೊ ಸಾಫ್ಟ್‌ವೇರಿನ ಮೂಲ ಕಡತ — ಎಲ್ಲವನ್ನೂ ದಿನಾಂಕ ಸಮೇತ ಒಂದು ಫೋಲ್ಡರಿಗೆ ಹಾಕಿ, ಎರಡು ಕಡೆ ಇಡಿ. ತಬಲಾ, ಕೊಳಲು, ಕೀಬೋರ್ಡ್ ನುಡಿಸಿದವರಿಂದ ಒಂದು ಪುಟದ ಒಪ್ಪಿಗೆಪತ್ರ ತೆಗೆದುಕೊಳ್ಳಿ. ಕಲಾವಿದರಿಗೆ ಅವರ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ; ಅಂದಿನ ಸಂಭಾವನೆ ಕೊಟ್ಟೆವು ಎಂಬಲ್ಲಿಗೆ ಅದು ಮುಗಿಯುವುದಿಲ್ಲ.

ಕವಿಯ ಮನೆಯಿಂದ ಕಾಗದ

ಭಾವಗೀತೆಗೆ ಎರಡು ಬಾಗಿಲು. ನಾಡಗೀತೆಯನ್ನೇ ನೋಡಿ: ಸಾಹಿತ್ಯ ಕುವೆಂಪು ಅವರದು, ರಾಜ್ಯ ಸರ್ಕಾರ 2022ರಲ್ಲಿ ಒಪ್ಪಿದ ಧಾಟಿ ಮೈಸೂರು ಅನಂತಸ್ವಾಮಿಯವರದು. ಅನಂತಸ್ವಾಮಿ ತೀರಿಕೊಂಡದ್ದು 1995ರ ಜನವರಿಯಲ್ಲಿ, ಅಂದರೆ ಸಾಹಿತ್ಯ 2055ರಲ್ಲಿ, ಧಾಟಿ 2056ರಲ್ಲಿ ಬಿಡುಗಡೆ. ಸರ್ಕಾರ ನಡೆಸುವ ಅಧಿಕೃತ ಸಮಾರಂಭದಲ್ಲಿ ಹಾಡುವುದಕ್ಕೆ, ಧಾರ್ಮಿಕ ವಿಧಿಯಲ್ಲಿ ಮತ್ತು ಮದುವೆಯ ಸಂಭ್ರಮದಲ್ಲಿ ಹಾಡುವುದಕ್ಕೆ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಅದನ್ನು ರೆಕಾರ್ಡ್ ಮಾಡಿ ಚಾನೆಲ್ಲಿಗೆ ಹಾಕುವುದು ಬೇರೆ ಕೆಲಸ, ಆ ವಿನಾಯಿತಿ ಅಲ್ಲಿಗೆ ಹಿಗ್ಗುವುದಿಲ್ಲ.

ಕುಟುಂಬದವರು ಸಾಮಾನ್ಯವಾಗಿ ಫೋನಿನಲ್ಲಿ ‘ಹಾಡಿ, ಸಂತೋಷ’ ಎನ್ನುತ್ತಾರೆ. ಆ ಮಾತು ಪ್ರೀತಿಯದು, ಕಾನೂನಿಗೆ ಸಾಲದು. ಲೈಸೆನ್ಸ್ ಬರಹದಲ್ಲಿರಬೇಕು ಎಂದು 30ನೇ ಕಲಮು ಹೇಳುತ್ತದೆ. ಕಾಗದದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ 19ನೇ ಕಲಮು ತಾನೇ ತುಂಬಿಕೊಳ್ಳುತ್ತದೆ. 30ಎ ಕಲಮಿನ ಮೂಲಕ ಈ ನಿಯಮ ಲೈಸೆನ್ಸ್‌ಗಳಿಗೂ ಅನ್ವಯ. ಯೂಟ್ಯೂಬಿಗೆ ಹಾಕಿದ ಹಾಡು ದುಬೈಯಲ್ಲೂ ನ್ಯೂಜೆರ್ಸಿಯಲ್ಲೂ ಕೇಳಿಸುತ್ತದೆ, ಐದು ವರ್ಷ ಕಳೆದರೂ ಅಲ್ಲೇ ಇರುತ್ತದೆ. ಎರಡು ಸಾಲು ಬರೆಯದೇ ಇದ್ದದ್ದಕ್ಕೆ ಒಳ್ಳೆಯ ರೆಕಾರ್ಡಿಂಗನ್ನು ತೆಗೆದುಹಾಕಬೇಕಾಗುತ್ತದೆ.

ಆದ್ದರಿಂದ ಕಾಗದದಲ್ಲಿ ಇವು ಇರಲಿ: ಕವಿತೆಯ ಹೆಸರು ಮತ್ತು ಬಳಸುವ ನುಡಿಗಳ ಪೂರ್ಣ ಪಾಠ, ಧಾಟಿ ಯಾರದು ಎಂಬುದು, ಆಡಿಯೊ, ವಿಡಿಯೊ, ಸ್ಟ್ರೀಮಿಂಗ್, ವೇದಿಕೆ — ಇವುಗಳಲ್ಲಿ ಯಾವುದಕ್ಕೆಲ್ಲ ಒಪ್ಪಿಗೆ, ‘ಜಗತ್ತಿನಾದ್ಯಂತ’, ‘ಕೃತಿಸ್ವಾಮ್ಯ ಇರುವಷ್ಟು ಕಾಲ’ ಎಂಬ ಮಾತುಗಳು, ಒಂದೇ ಮೊತ್ತವೋ, ಆದಾಯದಲ್ಲಿ ಪಾಲೋ, ಕವಿಯ ಹೆಸರು ಹಾಕುವ ರೀತಿ. ನುಡಿ ಬಿಟ್ಟು ಹಾಡುವುದಿದ್ದರೆ ಅದನ್ನೂ ಬರೆಯಿರಿ. ಕವಿತೆಯನ್ನು ವಿರೂಪಗೊಳಿಸದಂತೆ ತಡೆಯುವ ನೈತಿಕ ಹಕ್ಕು 57ನೇ ಕಲಮಿನಲ್ಲಿದೆ, ಹಣ ಕೊಟ್ಟರೂ ಅದು ಕವಿಯ ಕಡೆಯವರಲ್ಲೇ ಉಳಿಯುತ್ತದೆ. ಇನ್ನೊಂದು: ಮಕ್ಕಳು ನಾಲ್ವರಿದ್ದರೆ ಒಬ್ಬರ ಸಹಿ ಸಾಲದೇ ಹೋಗಬಹುದು. ಎಲ್ಲರ ಪರವಾಗಿ ಸಹಿ ಹಾಕುವ ಅಧಿಕಾರ ತಮಗಿದೆ ಎಂಬ ಒಂದು ವಾಕ್ಯವನ್ನು ಅವರಿಂದಲೇ ಬರೆಸಿಕೊಳ್ಳಿ. ಹಕ್ಕು ಪ್ರಕಾಶಕರಿಗೋ ಟ್ರಸ್ಟಿಗೋ ಹೋಗಿದ್ದರೆ ಕೇಳಬೇಕಾದವರೇ ಬೇರೆ. ಪುಸ್ತಕದ ಹಕ್ಕುಪುಟದಲ್ಲಿ ಆ ಹೆಸರು ಅಚ್ಚಾಗಿರುತ್ತದೆ, ಅಲ್ಲಿಂದ ಶುರುಮಾಡಿ.

ಧಾಟಿಯ ಒಪ್ಪಿಗೆ ಸಿಗದಿದ್ದರೆ ಕವಿತೆಗೆ ಹೊಸ ಧಾಟಿ ಕೂಡಿಸಿ. ಅನುಮತಿ ಕೇಳುವ ಕೆಲಸ ಅರ್ಧಕ್ಕೆ ಇಳಿಯುತ್ತದೆ, ಸುಗಮ ಸಂಗೀತಕ್ಕೂ ಹೊಸದೊಂದು ಹಾಡು ಸಿಕ್ಕಂತಾಗುತ್ತದೆ.

ಸಿನಿಮಾ ಹಾಡು: ಮೂರು ದಾರಿ, ಮೂರು ಬೆಲೆ

ಚಿತ್ರಗೀತೆಯ ಹಕ್ಕು ನಿರ್ಮಾಪಕರಿಂದ ಆಡಿಯೊ ಕಂಪನಿಗೆ ಹೋಗಿರುತ್ತದೆ. ಹಳೆಯ ಎಚ್‌ಎಂವಿ ತಟ್ಟೆಗಳ ಕಂಪನಿ ಇಂದಿನ ಸರೆಗಮ. ಆಮೇಲಿನವು ಲಹರಿ, ಆನಂದ್ ಆಡಿಯೊ ಮುಂತಾದವರ ಬಳಿ. ಮೂಲ ಹಾಡಿನ ಅಧಿಕೃತ ವಿಡಿಯೊದ ವಿವರಣೆಯ ಕೆಳಗೆ ಯೂಟ್ಯೂಬಿಗೆ ಲೈಸೆನ್ಸ್ ಕೊಟ್ಟವರ ಹೆಸರು ಹೆಚ್ಚಾಗಿ ಕಾಣುತ್ತದೆ, ಹುಡುಕಾಟ ಅಲ್ಲಿಂದ ಆರಂಭವಾಗಲಿ. ಮೊದಲೇ ಅಚ್ಚಾಗಿದ್ದ ಕವಿತೆಯನ್ನು ಸಿನಿಮಾದಲ್ಲಿ ಬಳಸಿದ್ದರೆ ಸಾಹಿತ್ಯಕ್ಕೆ ಕವಿಯ ಮನೆಯನ್ನೂ ಕೇಳಬೇಕಾಗಬಹುದು.

ಮೊದಲ ದಾರಿ ನೇರ ಲೈಸೆನ್ಸ್. ಕಂಪನಿಗೆ ಬರೆಯುವಾಗ ಹಾಡು, ಚಿತ್ರ, ವರ್ಷ, ನಿಮ್ಮ ರೆಕಾರ್ಡಿಂಗಿನ ಉದ್ದ, ಆಡಿಯೊ ಮಾತ್ರವೋ ವಿಡಿಯೊ ಕೂಡವೋ, ಎಲ್ಲೆಲ್ಲಿ ಬಿಡುಗಡೆ, ಜಾಹೀರಾತಿನ ಹಣ ಬೇಕೋ ಬೇಡವೋ, ಮೂಲ ಟ್ರ್ಯಾಕ್ ಬಳಸಿಲ್ಲ ಎಂಬುದು — ಇಷ್ಟನ್ನೂ ಮೊದಲ ಪತ್ರದಲ್ಲೇ ಹೇಳಿ. ಉತ್ತರ ಬಂದಾಗ ನೋಡಬೇಕಾದ ಮುಖ್ಯ ಸಾಲು ಒಂದು: ಹೊಸ ರೆಕಾರ್ಡಿಂಗಿನ ಮಾಲೀಕರು ಯಾರು? ಹಾಡು ನಮ್ಮ ಚಾನೆಲ್ಲಿನಲ್ಲೇ ಬರಬೇಕು, ರೆಕಾರ್ಡಿಂಗ್ ನಮ್ಮದಾಗಬೇಕು ಎಂಬ ಷರತ್ತು ಹಾಕುವ ಕಂಪನಿಗಳುಂಟು. ಸ್ಟುಡಿಯೊ ಖರ್ಚು ನಿಮ್ಮದು, ಆಸ್ತಿ ಅವರದು ಎಂಬ ಆ ಷರತ್ತನ್ನು ಕಣ್ತೆರೆದು ಒಪ್ಪಿ, ಇಲ್ಲವೇ ಬಿಡಿ. ಧಾಟಿ ಇಟ್ಟುಕೊಂಡು ಪದ ಬದಲಿಸುವುದಾದರೆ — ಸಿನಿಮಾ ಧಾಟಿಗೆ ಗಣಪತಿಯ ಹಾಡು, ಚುನಾವಣೆಯ ಹಾಡು — ಅದಕ್ಕೆ ಇದೊಂದೇ ದಾರಿ. ಭಕ್ತಿಗೀತೆಯಾದರೂ ವಿನಾಯಿತಿ ಇಲ್ಲ.

ಎರಡನೆಯದು 31ಸಿ. 2012ರ ತಿದ್ದುಪಡಿಯಲ್ಲಿ ಬಂದ ಈ ಕಲಮಿನಡಿ, ಮಾಲೀಕರು ಒಲ್ಲೆನೆಂದರೂ ಕವರ್ ಮಾಡಬಹುದು. ಷರತ್ತುಗಳನ್ನು ಓದಿದರೆ ಉತ್ಸಾಹ ಇಳಿಯುತ್ತದೆ. ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು ಐದು ಪೂರ್ತಿ ಕ್ಯಾಲೆಂಡರ್ ವರ್ಷ ಕಳೆದಿರಬೇಕು: 2021ರ ಮಾರ್ಚಿನಲ್ಲಿ ಮೊದಲು ರೆಕಾರ್ಡ್ ಆದ ಹಾಡಿಗೆ 2027ರ ಜನವರಿ 1ಕ್ಕೆ ಮುಂಚೆ ಕೈ ಹಾಕುವಂತಿಲ್ಲ. ರೆಕಾರ್ಡ್ ಮಾಡುವ ಕನಿಷ್ಠ 15 ದಿನ ಮೊದಲು ಮಾಲೀಕರಿಗೂ ಕಾಪಿರೈಟ್ ರಿಜಿಸ್ಟ್ರಾರರಿಗೂ ನೋಟಿಸ್, ಹೊದಿಕೆಯ ಪ್ರತಿ, ರಾಯಧನ ಮುಂಗಡ. ಮೂಲ ಗಾಯಕರ ಹೆಸರಾಗಲಿ ಚಿತ್ರವಾಗಲಿ, ಆ ಸಿನಿಮಾದ ಹೆಸರಾಗಲಿ ಹೊದಿಕೆಯ ಮೇಲೆ ಬರಕೂಡದು. ಈ ಕಲಮಿನಡಿ ಮಾಡಿದ ಕವರ್ ಎಂದು ಅಚ್ಚು ಹಾಕಬೇಕು. ಹಿಂದಿನ ರೆಕಾರ್ಡಿಂಗ್ ಬಂದ ಮಾಧ್ಯಮದಲ್ಲೇ ಮಾಡಬೇಕು, ಆ ಮಾಧ್ಯಮ ಮಾರುಕಟ್ಟೆಯಲ್ಲಿ ಬಳಕೆ ತಪ್ಪಿದ್ದರೆ ಮಾತ್ರ ಬೇರೆ. ಲೆಕ್ಕದ ಪುಸ್ತಕ ಇಟ್ಟಿರಬೇಕು, ಮಾಲೀಕರು ಕೇಳಿದರೆ ತೋರಿಸಬೇಕು.

ಜೇಬಿಗೆ ಬೀಳುವ ಹೊಡೆತ ಬೇರೆಯೇ ಇದೆ. ಪ್ರತಿ ಕೃತಿಗೆ, ಪ್ರತಿಗಳನ್ನು ಮಾಡುವ ಒಂದೊಂದು ವರ್ಷಕ್ಕೂ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು, ನೀವು ಮಾಡುವುದು ಐನೂರೇ ಪ್ರತಿಯಾದರೂ. ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು. ಲೆಕ್ಕಕ್ಕೆಂದು ಪ್ರತಿಗೆ ಒಂದು ರೂಪಾಯಿ ಹಿಡಿದರೂ ಒಂದು ಹಾಡಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಆಯಿತು. ಚಿಕ್ಕ ಭಾಷೆ, ಉಪಭಾಷೆಗಳ ಕೃತಿಗಳಿಗೆ ಈ ಕನಿಷ್ಠವನ್ನು ಇಳಿಸಬಹುದು ಎಂದು ಕಲಮಿನಲ್ಲೇ ಇದೆ. ತುಳು, ಕೊಡವ, ಕೊಂಕಣಿ ಹಾಡುಗಾರರಿಗೆ ಅದು ನಿಜವಾಗಿ ಬೇಕಾದ ಅನುಕೂಲ. ಆದರೆ ಇಳಿಸುವ ಅಧಿಕಾರವಿದ್ದ ಕಾಪಿರೈಟ್ ಬೋರ್ಡ್ 2017ರಲ್ಲಿ ಬೇರೊಂದು ಮೇಲ್ಮನವಿ ಮಂಡಳಿಯೊಳಗೆ ಸೇರಿತು, 2021ರಲ್ಲಿ ಆ ಮಂಡಳಿಯೇ ರದ್ದಾಗಿ ಅದರ ಕೆಲಸ ವಾಣಿಜ್ಯ ನ್ಯಾಯಾಲಯಗಳಿಗೆ ಹೋಯಿತು.

ಇಷ್ಟಾದರೂ ಸಿಗುವುದು ಧ್ವನಿಮುದ್ರಣದ ಅನುಮತಿ ಮಾತ್ರ. ವಿಡಿಯೊ ಇದರಲ್ಲಿ ಸೇರುವುದಿಲ್ಲ. ಧಾಟಿಯಲ್ಲಾಗಲಿ ಪದದಲ್ಲಾಗಲಿ ತಾಂತ್ರಿಕವಾಗಿ ಅನಿವಾರ್ಯವಾದದ್ದನ್ನು ಬಿಟ್ಟು ಬೇರೆ ಬದಲಾವಣೆ ಮಾಡುವಂತಿಲ್ಲ, ಹಾಗಾಗಿ ಇಂದು ಜನ ಇಷ್ಟಪಡುವ ಅನ್‌ಪ್ಲಗ್ಡ್, ಲೋಫೈ, ಎರಡು ಹಾಡು ಬೆಸೆದ ಮ್ಯಾಶಪ್ ಇಲ್ಲಿ ಅಪಾಯಕ್ಕೆ ಬೀಳುತ್ತವೆ. ಕಲಮಿನ ಭಾಷೆಯೆಲ್ಲ ಮಾರುವ ಪ್ರತಿಗಳದು, ಹೊದಿಕೆಗಳದು; ಸ್ಟ್ರೀಮಿಂಗಿಗೆ ಅದನ್ನು ನೆಚ್ಚಲಾಗದು. ಪಕ್ಕದ 31ಡಿ ಕಲಮಿನ ಪ್ರಸಾರ ಲೈಸೆನ್ಸನ್ನು ಇಂಟರ್ನೆಟ್ ಸ್ಟ್ರೀಮಿಂಗಿಗೆ ಹಿಗ್ಗಿಸಲು ಬಾಂಬೆ ಹೈಕೋರ್ಟ್ 2019ರಲ್ಲಿ ಒಪ್ಪಲಿಲ್ಲ, 2022ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಸಿಡಿ, ಪೆನ್‌ಡ್ರೈವ್ ರೂಪದಲ್ಲಿ ಸಾವಿರಾರು ಪ್ರತಿ ಮಾರುವ ಸಂಸ್ಥೆಗೆ 31ಸಿ ಒದಗೀತು. ಮನೆಯಲ್ಲಿ ಮೈಕ್ ಇಟ್ಟುಕೊಂಡು ಹಾಡುವವರಿಗೆ ಅಲ್ಲ.

ಮೂರನೆಯದು ಎಲ್ಲರೂ ಹಿಡಿಯುವ ದಾರಿ: ಅಪ್‌ಲೋಡ್ ಮಾಡಿ ಕಂಟೆಂಟ್ ಐಡಿಗೆ ಬಿಡುವುದು. ಯೂಟ್ಯೂಬಿನ ಈ ವ್ಯವಸ್ಥೆ ಧ್ವನಿಯನ್ನಷ್ಟೇ ಅಲ್ಲ, ಧಾಟಿಯನ್ನೂ ಗುರುತಿಸಬಲ್ಲದು. ಗುರುತಿಸಿದಾಗ ಹಕ್ಕುದಾರರಿಗೆ ಮೂರು ಆಯ್ಕೆ: ಜಾಹೀರಾತು ಹಾಕಿ ಹಣ ತೆಗೆದುಕೊಳ್ಳುವುದು, ಸುಮ್ಮನೆ ಲೆಕ್ಕ ಇಡುವುದು, ವಿಡಿಯೊ ತಡೆಯುವುದು. ಹೆಚ್ಚಿನವರು ಮೊದಲನೆಯದನ್ನು ಆರಿಸುತ್ತಾರೆ. ನೀವು ಪಾರ್ಟ್‌ನರ್ ಪ್ರೋಗ್ರಾಮಿನಲ್ಲಿದ್ದು (ಚಾನೆಲ್ಲುಗಳಿಗೆ ಜಾಹೀರಾತಿನ ಪಾಲು ಕೊಡುವ ಯೂಟ್ಯೂಬ್ ಯೋಜನೆ), ಹಾಡು ಅರ್ಹ ಕವರ್ ಪಟ್ಟಿಯಲ್ಲಿದ್ದರೆ ಆದಾಯದಲ್ಲಿ ನಿಮಗೂ ಪಾಲು ಬರುತ್ತದೆ. ಅದಕ್ಕೆ ರೆಕಾರ್ಡಿಂಗ್ ಪೂರ್ತಿ ನಿಮ್ಮದಾಗಿರಬೇಕು, ಕರೋಕೆ ಟ್ರ್ಯಾಕ್ ನಡೆಯದು.

ಖರ್ಚಿಲ್ಲದ, ಗಾಯಕರಿಗೆ ಕೇಳುಗರನ್ನು ತಂದುಕೊಡುವ ದಾರಿ ಇದು, ಅಲ್ಲಗಳೆಯುವುದಿಲ್ಲ. ಆದರೆ ಇದು ಅನುಮತಿಯಲ್ಲ, ಮಾಲೀಕರು ಸದ್ಯಕ್ಕೆ ಸಹಿಸಿಕೊಂಡಿರುವುದು. ನಾಳೆ ಅವರ ನೀತಿ ಬದಲಾದರೆ ಲಕ್ಷ ವೀಕ್ಷಣೆಯ ವಿಡಿಯೊ ಕಾಣೆಯಾಗಬಹುದು. ಕ್ಲೇಮ್ ಬೇರೆ, ಸ್ಟ್ರೈಕ್ (ಹಕ್ಕುದಾರರು ವಿಡಿಯೊ ತೆಗೆಸಿದಾಗ ಚಾನೆಲ್ಲಿಗೆ ಬೀಳುವ ಎಚ್ಚರಿಕೆಯ ಗುರುತು) ಬೇರೆ ಎಂಬುದೂ ಗೊತ್ತಿರಲಿ: ಕ್ಲೇಮಿನಿಂದ ಚಾನೆಲ್ಲಿಗೆ ಸಾಮಾನ್ಯವಾಗಿ ಪೆಟ್ಟಿಲ್ಲ, 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಅದೇ ಫೈಲನ್ನು ವಿತರಕರ ಮೂಲಕ ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್‌ಗೆ ಕಳಿಸಿದರೆ ಯೂಟ್ಯೂಬಿನ ಈ ಏರ್ಪಾಡು ಅಲ್ಲಿಗೆ ಬರುವುದಿಲ್ಲ. ಅಲ್ಲಿ ‘ಹಕ್ಕುಗಳೆಲ್ಲ ನನ್ನ ಬಳಿ ಇವೆ’ ಎಂಬ ಚೌಕಕ್ಕೆ ಗುರುತು ಹಾಕಿದವರು ನೀವೇ ಆಗಿರುತ್ತೀರಿ.

ಅಮೆರಿಕದ ಕನ್ನಡ ಕೂಟಗಳಲ್ಲಿ ಹಾಡುವವರಿಗೆ ಒಂದು ಅನುಕೂಲ ಹೆಚ್ಚು. ಅಲ್ಲಿನ ಕಾಯ್ದೆಯ 115ನೇ ಸೆಕ್ಷನ್, ಒಮ್ಮೆ ಅಲ್ಲಿ ಅಧಿಕೃತವಾಗಿ ಬಿಡುಗಡೆಯಾದ ಹಾಡಿನ ಆಡಿಯೊ ಕವರಿಗೆ ಕಡ್ಡಾಯ ಲೈಸೆನ್ಸ್ ಕೊಡುತ್ತದೆ. 2025ರ ದರ ಸಿಡಿ ಅಥವಾ ಡೌನ್‌ಲೋಡ್ ಪ್ರತಿಗೆ 12.7 ಸೆಂಟ್, ಕನಿಷ್ಠ ಪ್ರತಿಗಳ ಹೊರೆ ಇಲ್ಲ. ನಿಮ್ಮ ಶೈಲಿಗೆ ಹೊಂದಿಸಿಕೊಳ್ಳಲೂ ಬಿಡುತ್ತದೆ, ಧಾಟಿಯ ಮೂಲ ಸ್ವರೂಪ ಕೆಡಬಾರದಷ್ಟೇ. ಸ್ಟ್ರೀಮಿಂಗಿನ ಈ ಪಾಲನ್ನು 2021ರಿಂದ ಆ್ಯಪ್ ಕಂಪನಿಗಳೇ ಒಟ್ಟಾಗಿ ಕಟ್ಟುತ್ತಿವೆ. ವಿಡಿಯೊ ಅಲ್ಲೂ ಇದರ ಹೊರಗೆ, ಭಾರತದೊಳಗಿನ ಹಂಚಿಕೆಯೂ ಹೊರಗೆ.

ತಪ್ಪು ಕ್ಲೇಮ್ ಬಂದಾಗ

ಮುಕ್ತ ಕೃತಿ, ಸ್ವಂತ ಧಾಟಿ, ಸ್ವಂತ ರೆಕಾರ್ಡಿಂಗ್ ಎಲ್ಲ ಸರಿಯಿದ್ದೂ ಕ್ಲೇಮ್ ಬೀಳುವುದುಂಟು, ಅದರಲ್ಲೂ ದೇವರನಾಮಗಳಿಗೆ. ಹೆದರಿ ವಿಡಿಯೊ ತೆಗೆಯಬೇಡಿ. ಐದು ದಿನಗಳೊಳಗೆ ತಕರಾರು ಹಾಕಿದರೆ ಕ್ಲೇಮ್ ಬಿದ್ದ ಮೊದಲ ದಿನದಿಂದ ಬಂದ ಹಣವನ್ನು ಯೂಟ್ಯೂಬ್ ಇಬ್ಬರಿಗೂ ಕೊಡದೆ ತಡೆದಿಡುತ್ತದೆ. ಎದುರಿನವರಿಗೆ ಉತ್ತರಿಸಲು 30 ದಿನ. ‘ನನ್ನದೇ ಹಾಡು’ ಎಂದಷ್ಟೇ ಬರೆದರೆ ಬಿದ್ದುಹೋಗುತ್ತದೆ. ಸಾಹಿತ್ಯ ಯಾರದು, ಅವರು ತೀರಿಕೊಂಡ ವರ್ಷ, ಧಾಟಿ ಯಾರದು, ಎಂದು ಎಲ್ಲಿ ರೆಕಾರ್ಡ್ ಆಯಿತು, ವಾದ್ಯ ನುಡಿಸಿದವರು ಯಾರು — ನಾಲ್ಕೈದು ವಾಕ್ಯದಲ್ಲಿ ಬರೆಯಿರಿ. ತಿರಸ್ಕರಿಸಿದರೆ ಮೇಲ್ಮನವಿ ಇದೆ, ಅದಕ್ಕೆ ಎದುರಿನವರಿಗೆ 7 ದಿನ. ಆ ಹಂತದಲ್ಲಿ ಅವರು ತೆಗೆದುಹಾಕುವ ಬೇಡಿಕೆ ಸಲ್ಲಿಸಿದರೆ ಸ್ಟ್ರೈಕ್ ಬೀಳುತ್ತದೆ. ನೀವು ಪ್ರತಿನೋಟಿಸ್ ಕೊಟ್ಟಾಗ ಅವರು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದ ಸಾಕ್ಷಿ ತೋರಿಸಬೇಕು, ಇಲ್ಲದಿದ್ದರೆ ವಿಡಿಯೊ ವಾಪಸು ಬರುತ್ತದೆ. ಸಾಕ್ಷಿಯ ಫೋಲ್ಡರ್ ಕೈಯಲ್ಲಿಲ್ಲದವರು ಈ ಹಂತದವರೆಗೆ ಹೋಗಬಾರದು. ಇರುವವರು ಅರ್ಧದಲ್ಲಿ ಬಿಡಬಾರದು.

ಓಪನ್ ಲೈಸೆನ್ಸಿನ ಹಾಡುಗಳು

ಕ್ರಿಯೇಟಿವ್ ಕಾಮನ್ಸ್ ಗುರುತಿನ ಹಾಡು ಸಿಕ್ಕಿತೆಂದು ಹಿಗ್ಗುವ ಮೊದಲು, ಗುರುತು ಹಾಕಿದವರಿಗೆ ಹಾಕುವ ಹಕ್ಕಿತ್ತೇ ನೋಡಿ. ಚಿತ್ರಗೀತೆಯ ಕವರ್ ಹಾಡಿ ಅದಕ್ಕೆ ‘ಸಿಸಿ ಬೈ’ ಎಂದು ಬರೆದರೆ ಆ ಬರಹಕ್ಕೆ ಬೆಲೆಯಿಲ್ಲ. ತನ್ನದಲ್ಲದ್ದನ್ನು ಯಾರೂ ಕೊಡಲಾಗದು. ಸಾಹಿತ್ಯ, ಧಾಟಿ, ರೆಕಾರ್ಡಿಂಗ್ ಮೂರೂ ಅವರದೇ ಎಂದು ಖಾತ್ರಿಯಾದ ಮೇಲೆ ಲೈಸೆನ್ಸಿನ ಅಕ್ಷರಗಳನ್ನು ಓದಿ.

ಬೈ: ಹೆಸರು ಹೇಳಿದರೆ ಸಾಕು, ಹಾಡಬಹುದು, ಬದಲಿಸಬಹುದು, ಮಾರಬಹುದು. ಎಸ್‌ಎ ಸೇರಿದ್ದರೆ ನೀವು ಬದಲಿಸಿ ಹೊರತಂದದ್ದಕ್ಕೂ ಅದೇ ಲೈಸೆನ್ಸ್ ಕೊಡಬೇಕು. ಕೊಡಲು ಒಪ್ಪುವವರಿಗೆ ಇದು ಸೊಗಸಾದ ಏರ್ಪಾಡು. ಎನ್‌ಸಿ ಇದ್ದರೆ ಹಣ ಗಳಿಕೆಯ ಉದ್ದೇಶವಿರುವ ಬಳಕೆ ಇಲ್ಲ, ಜಾಹೀರಾತು ಹಾಕಿದ ಚಾನೆಲ್ಲಿನಿಂದ ಅದನ್ನು ದೂರ ಇಡಿ. ಎನ್‌ಡಿಯಲ್ಲಿ (ಬದಲಿಸಿದ್ದನ್ನು ಹಂಚುವಂತಿಲ್ಲ ಎಂಬ ಗುರುತು) ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ: 4.0 ಆವೃತ್ತಿಯ ಪ್ರಕಾರ ಸಂಗೀತವನ್ನು ಚಲಿಸುವ ಚಿತ್ರಕ್ಕೆ ಹೊಂದಿಸುವುದೇ ಬದಲಾವಣೆ. ಒಂದು ಸ್ವರ ಮುಟ್ಟದಿದ್ದರೂ ಎನ್‌ಡಿ ಹಾಡನ್ನು ನಿಮ್ಮ ವಿಡಿಯೊಗೆ ಹಾಕುವಂತಿಲ್ಲ. ತಪ್ಪಿ ಹೆಸರು ಹಾಕುವುದು ಮರೆತರೆ ಅದೇ 4.0ರಲ್ಲಿ ಒಂದು ಉದಾರತೆ ಇದೆ: ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ಲೈಸೆನ್ಸ್ ತಾನಾಗಿ ಮರಳುತ್ತದೆ.

ಕನ್ನಡದಲ್ಲಿ ಈ ಬಗೆಯ ಹಾಡಿನ ಬತ್ತಳಿಕೆ ಚಿಕ್ಕದು. ಆದರೆ ದಾರಿ ತೋರಿದವರಿದ್ದಾರೆ. ನಿರಂಜನರ ಕೃತಿಗಳನ್ನು ಅವರ ಕುಟುಂಬ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಟ್ಟಿತು, ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಹಾಗೆಯೇ ಬಿಟ್ಟಿತು. ಕವಿಯ ಮನೆಗೆ ಹೋದಾಗ ನಿಮ್ಮ ರೆಕಾರ್ಡಿಂಗಿಗೆ ಒಪ್ಪಿಗೆ ಕೇಳುವ ಜೊತೆಗೆ ಇದನ್ನೂ ಕೇಳಿ ನೋಡಿ. ಇಡೀ ಸಂಕಲನ ಬೇಡ, ಮಕ್ಕಳ ಪದ್ಯ ಹತ್ತು ಸಿಕ್ಕರೂ ಶಾಲೆಗಳಿಗೆ ಆಗುವ ಉಪಕಾರ ದೊಡ್ಡದು.

ನಿಮ್ಮ ರೆಕಾರ್ಡಿಂಗನ್ನೇ ಮುಕ್ತವಾಗಿ ಬಿಡುವುದಾದರೆ ಎರಡು ವಿಷಯ ಪರಿಶೀಲಿಸಿ. ನೀವು ಐಪಿಆರ್‌ಎಸ್ (ಗೀತಕಾರರು, ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುವ ಸಂಘ) ಸದಸ್ಯರಾಗಿದ್ದರೆ ನಿಮ್ಮ ಕೃತಿಗಳ ಕೆಲವು ಹಕ್ಕುಗಳನ್ನು ಸಂಘಕ್ಕೆ ಬರೆದುಕೊಟ್ಟಿರುತ್ತೀರಿ, ಸದಸ್ಯತ್ವದ ಕಾಗದ ಓದದೆ ಸಿಸಿ ಗುರುತು ಹಾಕಬೇಡಿ. ಒಮ್ಮೆ ಕೊಟ್ಟ ಸಿಸಿ ಲೈಸೆನ್ಸನ್ನು ಹಿಂಪಡೆಯಲಾಗದು. ಎರಡನೆಯದು, ವಾದ್ಯಗಾರರ ಒಪ್ಪಿಗೆಪತ್ರದಲ್ಲಿ ಈ ಬಿಡುಗಡೆಯ ಮಾತು ಇರಬೇಕು. ಯೂಟ್ಯೂಬಿನಲ್ಲಿ ಸಿಸಿ ಬೈ ಆಯ್ಕೆ ಇದೆ, ಕ್ಲೇಮ್ ಬಿದ್ದ ವಿಡಿಯೊಗೆ ಅದು ಸಿಗುವುದಿಲ್ಲ. ವಿವರಣೆಯಲ್ಲಿ ಪದರ ಪದರವಾಗಿ ಬರೆಯಿರಿ: ‘ಸಾಹಿತ್ಯ: ಶಿಶುನಾಳ ಶರೀಫರು (1819–1889), ಕೃತಿಸ್ವಾಮ್ಯ ಮುಗಿದಿದೆ. ಧಾಟಿ: ನಮ್ಮದು. ಗಾಯನ, ವಾದ್ಯ: ಇಂಥವರು. ಧಾಟಿ ಮತ್ತು ಧ್ವನಿಮುದ್ರಣಕ್ಕೆ ಸಿಸಿ ಬೈ-ಎಸ್‌ಎ 4.0.’ ಜೊತೆಗೆ ಲೈಸೆನ್ಸಿನ ಕೊಂಡಿ, ಬಿಡಿ ಟ್ರ್ಯಾಕುಗಳು ಸಿಗುವ ಕೊಂಡಿ ಹಾಕಿ. ಮುಂದೆ ಆ ಹಾಡನ್ನು ಎತ್ತಿಕೊಳ್ಳುವ ಊರ ಶಾಲೆಯ ಮೇಷ್ಟ್ರು ನಿಮಗೆ ಫೋನ್ ಮಾಡಿ ಕೇಳುವ ಅಗತ್ಯವೇ ಇರುವುದಿಲ್ಲ.